ಉಳಿದ ಎಂಬತ್ತು ಭಾಗ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಗೊಬ್ಬರದಂಗಡಿಗಳ ಕಪಾಟಿನಲ್ಲಿ ಸಾಲಾಗಿ ನಿಂತಿರುವ ಕೀಟನಾಶಕದ ಬಾಟಲಿಗಳಲ್ಲಿ ಹಲವಕ್ಕೆ ಹೆಸರಿನ ಜೊತೆ ಒಂದು ಅಂಕಿ, ಅದರ ಪಕ್ಕ 'ಇಸಿ' ಎಂಬ ಎರಡಕ್ಷರ ಇರುತ್ತದೆ. ಎಮಲ್ಸಿಫೈಯಬಲ್ ಕಾನ್ಸಂಟ್ರೇಟ್, ಅಂದರೆ ನೀರಿನಲ್ಲಿ ಹರಡಿಕೊಳ್ಳುವ ಸಾಂದ್ರ ದ್ರವ ಎಂಬುದರ ಗುರುತು ಅದು. ಕ್ಲೋರೋಪೈರಿಫಾಸ್ 20 ಇಸಿ ಅಂದರೆ ನೂರು ಭಾಗದಲ್ಲಿ ಇಪ್ಪತ್ತು ಭಾಗ ಮಾತ್ರ ಕ್ಲೋರೋಪೈರಿಫಾಸ್. ಉಳಿದ ಎಂಬತ್ತು ಭಾಗ ಏನು? ಒಂದಿಷ್ಟು ಪಾಲು ಎಣ್ಣೆಯಂಥ ದ್ರವವನ್ನು ನೀರಿನಲ್ಲಿ ಹರಡಿಸುವ ಎಮಲ್ಸಿಫೈಯರ್. ಮಿಕ್ಕಿದ್ದು, ಅಂದರೆ ಎಪ್ಪತ್ತರ ಆಸುಪಾಸಿನ ಭಾಗ, ಕೈಗಾರಿಕಾ ದ್ರಾವಕ. ಕ್ಸೈಲೀನ್, ಅಥವಾ ಪೆಟ್ರೋಲಿಯಂ ಸಂಸ್ಕರಣೆಯಿಂದಲೇ ಬರುವ ಅದರ ಜಾತಿಯ ಭಾರದ ಎಣ್ಣೆಗಳು. ಬಣ್ಣದ ಕಾರ್ಖಾನೆ, ರಬ್ಬರ್ ಕಾರ್ಖಾನೆ, ಮುದ್ರಣಾಲಯಗಳಲ್ಲಿ ಬಳಕೆಯಾಗುವುದೂ ಇವೇ. ಕೀಟನಾಶಕದ ಅಣು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಮೊದಲು ಅದನ್ನು ದ್ರಾವಕದಲ್ಲಿ ಕರಗಿಸುತ್ತಾರೆ. ರೈತ ನೀರಿಗೆ ಸುರಿದಾಗ ಇಡೀ ಮಿಶ್ರಣ ಬೆಳ್ಳಗೆ ಹಾಲಿನಂತಾಗುತ್ತದೆ. ಕೈಗಾರಿಕಾ ದ್ರಾವಕ ಪರಿಸರಕ್ಕೆ ಸೇರುವುದು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಾರ್ಖಾನೆಯ ಕೊಳವೆ. ಆದರೆ ದೊಡ್ಡ ರಾಸಾಯನಿಕ ಕಾರ್ಖಾನೆಗಳಿಲ್ಲದ ಸೊರಬ, ಶಿಕಾರಿಪುರದಂಥ ತಾಲ್ಲೂಕುಗಳಿಗೆ ದ್ರಾವಕ ಬರುವುದು ಹೀಗೆ, ಅರ್ಧ ಲೀಟರ್, ಒಂದು ಲೀಟರ್ ಬಾಟಲಿಗಳಲ್ಲಿ, ಭತ್ತದ ಗದ್ದೆಗೆ, ಮೆಕ್ಕೆಜೋಳದ ಹೊಲಕ್ಕೆ, ಶುಂಠಿಯ ಪಟ್ಟೆಗೆ. ಇದರಿಂದ ಆರೋಗ್ಯಕ್ಕೆ ಎಷ್ಟು ಅಪಾಯ ಎಂದು ಅಳೆಯುವ ಬಗೆ ಹೇಗೆ ಎಂಬುದು ಈ ಅಧ್ಯಾಯದ ವಿಷಯ. ಆ ಅಳತೆ ಹೊಲದ ಒಟ್ಟು ವಿಸ್ತೀರ್ಣದ ಮೇಲೆ ನಡೆದರೆ ತಪ್ಪುತ್ತದೆ, ಔಷಧಿ ಹೊಡೆಯುವವನ ಕೈ ಮತ್ತು ಅವನ ಮನೆಯ ಬಾವಿಕಟ್ಟೆಯಿಂದ ಶುರುವಾದರೆ ಮಾತ್ರ ಸರಿಯಾಗುತ್ತದೆ ಎಂಬುದು ನನ್ನ ವಾದ.

ವಿಷವಿಜ್ಞಾನದಲ್ಲಿ ಎರಡು ಮಾತುಗಳನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಒಂದು ವಸ್ತುವಿಗೆ ಕೇಡು ಮಾಡುವ ಗುಣ ಇದೆಯೇ ಎಂಬುದು ಒಂದು ಪ್ರಶ್ನೆ. ಆ ವಸ್ತು ಇಂಥ ಜಾಗದಲ್ಲಿ, ಇಷ್ಟು ಪ್ರಮಾಣದಲ್ಲಿ, ಇಂಥವರ ಮೈಗೆ ಸೇರಿ ಕೇಡು ಮಾಡುವ ಸಂಭವ ಎಷ್ಟು ಎಂಬುದು ಇನ್ನೊಂದು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವನ್ನು ನಾಲ್ಕು ಹಂತಗಳಲ್ಲಿ ನಿರೂಪಿಸಿತು: ವಸ್ತುವಿನ ಗುಣವನ್ನು ಗುರುತಿಸುವುದು, ಎಷ್ಟು ಪ್ರಮಾಣಕ್ಕೆ ಎಷ್ಟು ಪರಿಣಾಮ ಎಂದು ತಿಳಿಯುವುದು, ಯಾರಿಗೆ ಯಾವ ದಾರಿಯಿಂದ ಎಷ್ಟು ತಗಲುತ್ತದೆ ಎಂದು ಅಳೆಯುವುದು, ಕೊನೆಗೆ ಇವನ್ನೆಲ್ಲ ಕೂಡಿಸಿ ತೀರ್ಮಾನಕ್ಕೆ ಬರುವುದು. ಮೊದಲೆರಡು ಹಂತಗಳಿಗೆ ಪ್ರಯೋಗಾಲಯ ಸಾಕು. ಜಗತ್ತಿನ ಯಾವ ಮೂಲೆಯಲ್ಲಿ ನಡೆದ ಪ್ರಯೋಗವಾದರೂ ಆದೀತು. ಮೂರನೆಯ ಹಂತ ಹಾಗಲ್ಲ. ಆನವಟ್ಟಿಯ ಕೂಲಿಯಾಳಿನ ಮೈಗೆ ಎಷ್ಟು ತಗಲುತ್ತದೆ ಎಂಬುದನ್ನು ಆನವಟ್ಟಿಯಲ್ಲೇ ಅಳೆಯಬೇಕು. ನಮ್ಮಲ್ಲಿ ಸದಾ ಖಾಲಿ ಉಳಿಯುವುದು ಈ ಹಂತವೇ.

ಇದು ಖಾಲಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡು ಸಾಕ್ಷಿ. 1974-75ರ ಸುಮಾರಿಗೆ ಅಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು, ನೋವಿನಿಂದ ನಡೆಯಲಾಗದ ಸ್ಥಿತಿಗೆ ಬಂದ ಜನ ವೈದ್ಯರ ಗಮನಕ್ಕೆ ಬಂದರು. ಕೆಲವರ ಬೆಳವಣಿಗೆಯೇ ಕುಂಠಿತವಾಗಿತ್ತು. ರೋಗಿಗಳು ಬಹುತೇಕ ಚನ್ನಂಗಿ ಮತ್ತು ಛಲವಾದಿ ಸಮುದಾಯದ ಬಡ ಕೃಷಿಕೂಲಿಗಳು. ಮುಂದೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇದೇ ಕಾಯಿಲೆ ಪತ್ತೆಯಾಯಿತು. ಕಾಯಿಲೆ ಮೊದಲು ಕಂಡ ಹೊತ್ತಿಗೆ ಹೊಸ ತಳಿಯ ಭತ್ತದ ಜೊತೆ ಎಂಡ್ರಿನ್, ಪ್ಯಾರಾಥಿಯಾನ್‌ನಂಥ ಕೀಟನಾಶಕಗಳು ಮಲೆನಾಡಿನ ಗದ್ದೆಗೆ ಇಳಿದಿದ್ದವು. ಈ ಕುಟುಂಬಗಳು ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದವು. ವಿಷ ತಿಂದ ಏಡಿಯನ್ನು ತಿಂದು ಕಾಲು ಹೋಯಿತು ಎಂಬ ಊಹೆ ದಟ್ಟವಾಗಿ ಹಬ್ಬಿತು. ಕಾಲ ಹೊಂದುತ್ತಿತ್ತು, ಬಡತನ ಹೊಂದುತ್ತಿತ್ತು, ಆಹಾರವೂ ಹೊಂದುತ್ತಿತ್ತು. ಆದರೆ ಹೊಂದದ ಸಂಗತಿಗಳೂ ಇದ್ದವು: ರೋಗ ಕೆಲವೇ ಕುಟುಂಬಗಳ ರಕ್ತಸಂಬಂಧದ ಜಾಡಿನಲ್ಲಿ, ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದೇ ಕರೆದರು. ಮುಂದಿನ ಆನುವಂಶಿಕ ಅಧ್ಯಯನಗಳು ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ ಮೂಳೆ ಬೆಳವಣಿಗೆಯ ದೋಷ ಎಂಬ ತೀರ್ಮಾನದತ್ತ ಒಯ್ದವು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬಲ್ಲಿನ ಇಂಥದೇ ಕೀಲುರೋಗದ ಜೊತೆ ಹೋಲಿಸಿ ನೋಡಿದ ಅಧ್ಯಯನ 1997ರಲ್ಲಿ ಬಂತು.

ಹಂದಿಗೋಡಿನಿಂದ ಎರಡು ಬಗೆಯ ಪಾಠ ಕಲಿಯಬಹುದು. ಅದರಲ್ಲೊಂದು ತಪ್ಪು ಪಾಠ. ಕೀಟನಾಶಕದ ಮೇಲಿನ ಆ ಅನುಮಾನ ನಿಲ್ಲಲಿಲ್ಲವಾದ್ದರಿಂದ ರಾಸಾಯನಿಕಗಳ ಮೇಲಿನ ಅನುಮಾನವೆಲ್ಲ ಬರೀ ಹೆದರಿಕೆ ಎನ್ನುವುದು ಆ ತಪ್ಪು ಪಾಠ. ಒಂದು ಕಾಯಿಲೆಗೆ ಏಡಿಯ ವಿಷ ಕಾರಣವಲ್ಲ ಎಂದು ತಿಳಿದದ್ದರಿಂದ ಆ ಏಡಿಯಲ್ಲಿ ವಿಷವೇ ಇರಲಿಲ್ಲ ಎಂದಾಗುವುದಿಲ್ಲ. ತಿಂದವರಿಗೆ ಬೇರೆ ತೊಂದರೆ ಆಗಲಿಲ್ಲ ಎಂದೂ ಆಗುವುದಿಲ್ಲ. ಸರಿಯಾದ ಪಾಠ ಬೇರೆ. ಎಂಡ್ರಿನ್ ಬಂದ ಮೊದಲ ವರ್ಷಗಳಿಂದಲೇ ಗದ್ದೆಯ ನೀರು, ಏಡಿ, ಜನರ ರಕ್ತ ಎಲ್ಲವನ್ನೂ ಅಳೆದು ದಾಖಲಿಸಿದ್ದರೆ ಊಹೆಯನ್ನು ಬೇಗ ಒರೆಗೆ ಹಚ್ಚಬಹುದಿತ್ತು. ಯಾರೂ ಅಳೆದಿರಲಿಲ್ಲವಾದ್ದರಿಂದ ಊಹೆಗೆ ಬಹುಕಾಲ ಬಾಳಲು ಜಾಗ ಸಿಕ್ಕಿತು. ಇದಕ್ಕೆ ಎದುರಾಗಿ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರನ್ನು ನೋಡಿ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಜನ ಜ್ವರಕ್ಕೆ ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಬೇಗನೆ ಗುರುತಿಸಿದರು. ವೈರಸ್ಸನ್ನು ಸತ್ತ ಮಂಗನ ಅಂಗಾಂಶದಲ್ಲಿ ಹಿಡಿಯಬಹುದು, ಬೆಳೆಸಬಹುದು. ರೋಗಿಯ ರಕ್ತದಲ್ಲಿ ಅದರ ಗುರುತು ವರ್ಷಗಟ್ಟಲೆ ಇರುತ್ತದೆ. ಕ್ಸೈಲೀನ್ ಹಾಗಲ್ಲ. ಮೈಗೆ ಸೇರಿದ ಕ್ಸೈಲೀನನ್ನು ಯಕೃತ್ತು ಮೀಥೈಲ್‌ಹಿಪ್ಯೂರಿಕ್ ಆಮ್ಲವಾಗಿ ಬದಲಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಒಂದೆರಡು ದಿನದಲ್ಲಿ ಬಹುಪಾಲು ಹೋಗಿರುತ್ತದೆ. ಮಣ್ಣಿನ ಮೇಲೆ ಬಿದ್ದದ್ದು ಬಿಸಿಲಿಗೆ ಆರಿಹೋಗುತ್ತದೆ. ಅಂದೇ ಅಳೆಯದಿದ್ದರೆ ಮುಂದೆ ಅಳೆಯಲು ಏನೂ ಉಳಿಯುವುದಿಲ್ಲ. ಪುರಾವೆ ಉಳಿಯದ ವಸ್ತುವಿನ ಬಗ್ಗೆ 'ಪುರಾವೆ ಇಲ್ಲ' ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಓದುಗರು ಯೋಚಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ನೀರಿಗೆ 2 ಮಿ.ಲೀ. ಔಷಧಿ, ಎಕರೆಗೆ 200 ಲೀಟರ್ ನೀರು ಎಂದಿಟ್ಟುಕೊಂಡರೆ ಒಂದು ಸಲ ಹೊಡೆಯಲು 400 ಮಿ.ಲೀ. ಬೇಕು. ಅದರಲ್ಲಿ ಸುಮಾರು 280 ಮಿ.ಲೀ. ದ್ರಾವಕ, ತೂಕದಲ್ಲಿ 240 ಗ್ರಾಂ. ಇದೆಲ್ಲ ಕ್ಸೈಲೀನೇ ಎಂದುಕೊಳ್ಳೋಣ. ಬಹುಪಾಲು ಗಾಳಿಗೆ ಹೋಗುತ್ತದೆ. ನೂರಕ್ಕೆ ಒಂದು ಪಾಲು ಜಂಬಿಟ್ಟಿಗೆ ಮಣ್ಣಿನೊಳಗೆ ಇಳಿದು ಅಂತರ್ಜಲ ಸೇರಿತು ಎಂದು ಇಟ್ಟುಕೊಂಡರೆ 2.4 ಗ್ರಾಂ. ಎಕರೆಯ ಕೆಳಗೆ ನೀರು ತುಂಬಿದ ಒಂದು ಮೀಟರ್ ದಪ್ಪದ ಪದರ, ಅದರ ಹತ್ತನೇ ಒಂದು ಭಾಗ ನೀರು ಎಂದರೆ ನಾಲ್ಕು ಲಕ್ಷ ಲೀಟರ್. ಆಗ ಒಂದು ಲೀಟರಿಗೆ ಬರುವುದು 6 ಮೈಕ್ರೋಗ್ರಾಂ. ಕುಡಿಯುವ ನೀರಿನಲ್ಲಿ ಕ್ಸೈಲೀನ್ 500 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ನಮ್ಮ ಅಂಕಿ ಅದರ ಎಂಬತ್ತನೇ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ. ಊಹೆಗಳನ್ನು ಹತ್ತು ಪಟ್ಟು ಹಿಗ್ಗಿಸಿದರೂ ಮಿತಿಯೊಳಗೇ ಇದೆ. ಆದ್ದರಿಂದ ಗದ್ದೆಗೆ ಹೊಡೆದ ಔಷಧಿಯ ದ್ರಾವಕ ಊರಿನ ಅಂತರ್ಜಲವನ್ನೆಲ್ಲ ಕೆಡಿಸುತ್ತಿದೆ ಎಂದು ಯಾರಾದರೂ ಹೇಳಿದರೆ ಅದನ್ನು ನಾನು ಒಪ್ಪುವುದಿಲ್ಲ.

ಇದೇ ವಸ್ತು ಬೇರೆ ದಾರಿ ಹಿಡಿದಾಗ ಅಂಕಿ ಹೇಗೆ ತಿರುಗುತ್ತದೆ ನೋಡಿ. ಕೆಲಸ ಮುಗಿಸಿದವರು ಪಂಪು, ಬಾಟಲಿ ತೊಳೆಯುವುದು ನೀರಿರುವ ಕಡೆ: ಬಾವಿಕಟ್ಟೆಯಲ್ಲಿ, ಕೆರೆಯ ತೂಬಿನ ಬಳಿ, ಕಾಲುವೆಯಲ್ಲಿ. ಎರಡು ಮೀಟರ್ ಅಗಲದ ತೆರೆದ ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಅದು ಸುಮಾರು 6,280 ಲೀಟರ್. ಬಾಟಲಿಯಲ್ಲಿ ಉಳಿದ 50 ಮಿ.ಲೀ. ಔಷಧಿ ಆ ಬಾವಿ ಸೇರಿತು ಎಂದುಕೊಳ್ಳಿ. ಅದರಲ್ಲಿ 30 ಗ್ರಾಂ ದ್ರಾವಕ, ಲೀಟರಿಗೆ 4.8 ಮಿಲಿಗ್ರಾಂ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಒಂಬತ್ತು ಪಟ್ಟಿಗೂ ಹೆಚ್ಚು. ಕ್ಲೋರೋಪೈರಿಫಾಸ್ ಕಥೆ ಇನ್ನೂ ಕೆಟ್ಟದ್ದು: ಹತ್ತು ಗ್ರಾಂ ಬಿದ್ದರೆ ಲೀಟರಿಗೆ ಸುಮಾರು 1,600 ಮೈಕ್ರೋಗ್ರಾಂ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿರುವ ಮಿತಿ 30 ಮೈಕ್ರೋಗ್ರಾಂ. ಇದು ಅದರ ಐವತ್ತು ಪಟ್ಟು. ಇನ್ನು ಕೈ. ಬಾಟಲಿಯಿಂದ ಮುಚ್ಚಳಕ್ಕೆ, ಮುಚ್ಚಳದಿಂದ ಪಂಪಿಗೆ ಸುರಿಯುವಾಗ ಬೆರಳ ಮೇಲೆ ಹರಿಯುವುದು ನೀರು ಬೆರೆಸದ ಔಷಧಿ. ಎಕರೆಗೆ ಹನ್ನೆರಡು ಹದಿಮೂರು ಪಂಪು ತುಂಬಬೇಕು. ಎಲ್ಲ ಸೇರಿ 5 ಮಿ.ಲೀ. ಕೈಮೇಲೆ ಚೆಲ್ಲಿದರೆ ಅದರಲ್ಲಿ 3 ಗ್ರಾಂ ದ್ರಾವಕ. ನೂರರಲ್ಲಿ ಒಂದು ಪಾಲು ಮಾತ್ರ ಚರ್ಮದ ಮೂಲಕ ಒಳಹೋದರೂ 30 ಮಿಲಿಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ದಿನದ ಸುರಕ್ಷಿತ ಸೇವನೆಯ ಮಿತಿ ದೇಹತೂಕದ ಪ್ರತಿ ಕಿಲೋಗೆ 0.2 ಮಿಲಿಗ್ರಾಂ, ಅರವತ್ತು ಕಿಲೋ ತೂಕದವರಿಗೆ 12 ಮಿಲಿಗ್ರಾಂ. ಈ ಮಿತಿ ಜೀವನಪೂರ್ತಿ ದಿನವೂ ಸೇವಿಸಿದರೆ ಎಂಬ ಲೆಕ್ಕದ್ದು. ಒಂದು ದಿನ ಮೀರಿದ ಮಾತ್ರಕ್ಕೆ ರೋಗ ಬರುವುದಿಲ್ಲ. ಆದರೆ ಹಂಗಾಮಿನಲ್ಲಿ ಇಂದು ಒಬ್ಬರ ಶುಂಠಿಗೆ, ನಾಳೆ ಇನ್ನೊಬ್ಬರ ಜೋಳಕ್ಕೆ ಕೂಲಿಗೆ ಔಷಧಿ ಹೊಡೆಯುವವನಿಗೆ ಅದು ಒಂದು ದಿನದ ಮಾತಲ್ಲ. ಉಸಿರಿನೊಡನೆ ಒಳಹೋಗುವುದನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೂ ಇಲ್ಲ.

ಕ್ಸೈಲೀನಿನ ಗುಣವೇನು ಎಂಬುದರಲ್ಲಿ ಹೆಚ್ಚು ವಿವಾದವಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ, ಕಣ್ಣುರಿ, ಹೆಚ್ಚಾದರೆ ಮಂಪರು. ಚರ್ಮದ ಜಿಡ್ಡನ್ನು ಕರಗಿಸಿ ಒಣಗಿಸುತ್ತದೆ, ಬಿರುಕು ಬಿಟ್ಟ ಆ ಚರ್ಮದ ಮೂಲಕ ಕೀಟನಾಶಕ ಇನ್ನೂ ಸುಲಭವಾಗಿ ಒಳಹೋಗುತ್ತದೆ. ಕ್ಯಾನ್ಸರಿನ ವಿಷಯದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಸೈಲೀನನ್ನು ಮೂರನೇ ಗುಂಪಿನಲ್ಲಿ, ಅಂದರೆ ವರ್ಗೀಕರಿಸಲು ಸಾಕಷ್ಟು ಆಧಾರವಿಲ್ಲದವುಗಳ ಜೊತೆ, ಇಟ್ಟಿದೆ. ಆದರೆ ಕೈಗಾರಿಕೆಗೆ ಬರುವ ಕ್ಸೈಲೀನಿನಲ್ಲಿ ಬೆರೆತಿರುವ ಈಥೈಲ್‌ಬೆಂಜೀನ್ ಮತ್ತು ಭಾರದ ದ್ರಾವಕಗಳಲ್ಲಿರುವ ನ್ಯಾಫ್ತಲೀನ್ ಎರಡೂ ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ '2ಬಿ' ಗುಂಪಿನಲ್ಲಿವೆ. ಇವು ಟ್ರೈಕ್ಲೋರೋಎಥಿಲೀನ್ ಎಂಬ ಇನ್ನೊಂದು ಕೈಗಾರಿಕಾ ದ್ರಾವಕದಷ್ಟು ಕ್ರೂರವಲ್ಲ ಎಂಬುದನ್ನೂ ಹೇಳಬೇಕು. ಅದು ನೀರಿಗಿಂತ ಭಾರ, ಅಂತರ್ಜಲದ ತಳಕ್ಕೆ ಇಳಿದು ದಶಕಗಟ್ಟಲೆ ಕೂರುತ್ತದೆ, ಖಚಿತವಾದ ಕ್ಯಾನ್ಸರ್‌ಕಾರಕ. ಅಮೆರಿಕದ ಕ್ಯಾಂಪ್ ಲೆಜೂನ್ ಸೇನಾನೆಲೆಯಲ್ಲಿ 1950ರ ದಶಕದಿಂದ 1980ರ ದಶಕದವರೆಗೆ ಸೈನಿಕ ಕುಟುಂಬಗಳು ಕುಡಿದದ್ದು ಅದು ಬೆರೆತ ನೀರನ್ನು. ಕ್ಸೈಲೀನ್ ನೀರಿಗಿಂತ ಹಗುರ, ಬೇಗ ಆರುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸಬಲ್ಲವು. ಹೀಗಿದ್ದೂ ಅದು ಬಾಟಲಿಯಲ್ಲಿ ಒಂಟಿಯಾಗಿಲ್ಲ ಎಂಬುದೇ ತೊಂದರೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಮೈಕೇಲ್ ಎಡಲ್‌ಸ್ಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಹಂದಿಗಳಿಗೆ ಡೈಮೀಥೋಯೇಟ್ ಎಂಬ ಕೀಟನಾಶಕದ ಶುದ್ಧ ಅಣು ಕೊಟ್ಟಾಗ, ಅದರ ದ್ರಾವಕವಾದ ಸೈಕ್ಲೋಹೆಕ್ಸಾನೋನ್ ಮಾತ್ರ ಕೊಟ್ಟಾಗ ಕಾಣದಷ್ಟು ತೀವ್ರವಾದ ವಿಷಬಾಧೆ ಎರಡೂ ಕೂಡಿದ ಅಂಗಡಿಯ ಔಷಧಿ ಕೊಟ್ಟಾಗ ಕಂಡಿತು. ದ್ರಾವಕ ಬರೀ ಹೊರೆ ಹೊರುವ ಆಳಲ್ಲ, ಕೇಡಿನಲ್ಲಿ ಅದಕ್ಕೂ ಪಾಲಿದೆ. ಆದರೆ ವರ್ಷಗಟ್ಟಲೆಯ ಪರಿಣಾಮ ತಿಳಿಯುವ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು ಮೂಲ ಕೀಟನಾಶಕದ ಮೇಲೆ. ಸಿದ್ಧ ಔಷಧಿಯ ಮೇಲೆ ನಡೆಯುವುದು ತಕ್ಷಣದ ಪರಿಣಾಮದ ಪರೀಕ್ಷೆ ಮಾತ್ರ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಹೇಳುವುದೂ ತಕ್ಷಣದ ವಿಷವನ್ನೇ. ಹತ್ತು ವರ್ಷ ಹೊಡೆದರೆ ಏನು ಎಂಬುದಕ್ಕೆ ಅಲ್ಲಿ ಬಣ್ಣವಿಲ್ಲ.

ದ್ರಾವಕ ಆರಿಹೋಗುತ್ತದೆ, ವಾಸನೆಯಿಂದಲೇ ಎಚ್ಚರಿಸುತ್ತದೆ, ಮತ್ತೇಕೆ ಚಿಂತೆ ಎಂದು ಕೇಳುವವರಿದ್ದಾರೆ. ಆರಿಹೋಗುವುದೆಂದರೆ ಗಾಳಿಗೆ ಸೇರುವುದು. ಆ ಗಾಳಿಯನ್ನು ಮೊದಲು ಉಸಿರಾಡುವುದು ಪಂಪು ಹೊತ್ತವನು. ಮೂಗು ಕೆಲವೇ ನಿಮಿಷಗಳಲ್ಲಿ ವಾಸನೆಗೆ ಒಗ್ಗಿ ಎಚ್ಚರಿಸುವುದನ್ನು ನಿಲ್ಲಿಸುತ್ತದೆ. ಬಣ್ಣ ಬಳಿಯುವವರೂ ಇದನ್ನೇ ಉಸಿರಾಡುತ್ತಾರಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ ಪಟ್ಟಿಯಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಕ್ಸೈಲೀನ್ ಹತ್ತು ಲಕ್ಷಕ್ಕೆ ನೂರು ಭಾಗ ಮೀರಬಾರದೆಂದು ವಿಧಿಸಲಾಯಿತು. ಕಾರ್ಖಾನೆಯ ಗೋಡೆಯೊಳಗೆ ಅಳತೆ, ಮಿತಿ, ತಪಾಸಣೆ ಎಲ್ಲ ಬಂದವು. ಅದೇ ದ್ರಾವಕ ಗೋಡೆ ದಾಟಿ ಹೊಲಕ್ಕೆ ಬಂದಾಗ ಅದನ್ನು ಅಳೆಯುವವರಿಲ್ಲ, ಏಕೆಂದರೆ ಹೊಲ ಕಾರ್ಖಾನೆಯಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಹಲವು ಕೀಟನಾಶಕಗಳಿಗೆ ಮಿತಿ ಇದೆ, ಕ್ಸೈಲೀನಿಗೆ ಇಲ್ಲ. ಹೀಗಾಗಿ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದರೂ ಪ್ರಯೋಗಾಲಯ ಅದನ್ನು ಹುಡುಕುವುದಿಲ್ಲ.

ರೈತರನ್ನು ಹೆದರಿಸಬೇಡಿ, ಖಚಿತವಾದ ಪುರಾವೆ ಬರಲಿ ಎಂಬುದು ಇನ್ನೊಂದು ಆಕ್ಷೇಪ. ಈ ಮಾತಿನ ಬೆಲೆ ಏನೆಂಬುದು ಕಾಸರಗೋಡಿನ ಗೇರು ತೋಟಗಳಿಗೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಿಗೆ ಗೊತ್ತು. ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎರಡು ದಶಕಗಳುದ್ದಕ್ಕೂ ಜನರ ಮೈಯಲ್ಲಿ ಎಷ್ಟಿದೆ ಎಂದು ಅಳೆಯುವ ಕ್ರಮವಿರಲಿಲ್ಲ. ಸುರಿಯುವುದು ನಿಂತ ಮೇಲೂ ಕಾರಣ ಸಾಬೀತಾಗಿಲ್ಲ ಎಂಬ ವಾದ ವರ್ಷಗಟ್ಟಲೆ ನಡೆದು, ಕೊನೆಗೆ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ಹಾಕಿತು. ಒಂದೊಂದು ರೋಗಕ್ಕೂ ಕಾರಣವನ್ನು ಸಾಬೀತು ಮಾಡುವುದು ಬೇರೆ ಕೆಲಸ. ತಗಲುವುದನ್ನು ತಗ್ಗಿಸುವುದು ಬೇರೆ ಕೆಲಸ. ಮೊದಲನೆಯದಕ್ಕೆ ಹಂದಿಗೋಡಿನಲ್ಲಿ ಬೇಕಾದಂಥ ತಾಳ್ಮೆ ಬೇಕು. ಎರಡನೆಯದಕ್ಕೆ ಮೇಲಿನ ಬಾವಿಯ ಲೆಕ್ಕವೇ ಸಾಕು.

ತಗ್ಗಿಸುವುದು ಸಾಧ್ಯವೇ ಎಂದರೆ ಸಾಧ್ಯ. ಕಾಂಡಕೊರಕಕ್ಕೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿಯಂಥ ಔಷಧಿಗಳಲ್ಲಿ ಅಣುವನ್ನು ನುಣ್ಣಗೆ ಅರೆದು ನೀರಿನಲ್ಲೇ ತೇಲಿಸಿರುತ್ತಾರೆ, ದ್ರಾವಕ ಬೇಡ. ಮಲೆನಾಡಿಗೆ ನೀರಿನ ಔಷಧಿ ಹೊಸದೂ ಅಲ್ಲ: ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಬಳಕೆಗೆ ತಂದು ನೂರು ವರ್ಷ ದಾಟಿದೆ. ನೀರಿನದೆಂದ ಮಾತ್ರಕ್ಕೆ ಒಳಗಿನ ವಿಷ ಸಾಧುವಾಗುವುದಿಲ್ಲ. ತಾಮ್ರವೂ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಆದರೂ ಎಪ್ಪತ್ತರ ಆಸುಪಾಸಿನ ಭಾಗ ದ್ರಾವಕದ ಹೊರೆ ಇಳಿಯುತ್ತದೆ. ಕ್ಲೋರೋಪೈರಿಫಾಸನ್ನಂತೂ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಕೆಲವು ವಿನಾಯಿತಿಗಳೊಡನೆ ತೊಡೆದುಹಾಕಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿವೆ. ಅದರ ಜಾಗಕ್ಕೆ ಇನ್ನೊಂದು 'ಇಸಿ' ಬಂದರೆ ಅಣು ಬದಲಾದೀತು, ದ್ರಾವಕ ಹಾಗೆಯೇ ಉಳಿದೀತು.

ಅಳತೆಯ ಕೆಲಸಕ್ಕೆ ದೊಡ್ಡ ಸಂಸ್ಥೆಗಳನ್ನು ದೂರದಿಂದ ಕರೆಯಬೇಕಿಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಒಂದು ಮಳೆಗಾಲ, ಸೊರಬ ಮತ್ತು ಶಿಕಾರಿಪುರದ ಕೆಲವು ಹಳ್ಳಿಗಳಲ್ಲಿ ಕೂಲಿಗೆ ಔಷಧಿ ಹೊಡೆಯುವವರ ಮೂತ್ರವನ್ನು ಹೊಡೆಯುವ ಮೊದಲು, ಅಂದಿನ ಸಂಜೆ ಮತ್ತು ಮರುದಿನ ತೆಗೆದು ಮೀಥೈಲ್‌ಹಿಪ್ಯೂರಿಕ್ ಆಮ್ಲವನ್ನೂ, ರಕ್ತದಲ್ಲಿ ಕ್ಲೋರೋಪೈರಿಫಾಸ್‌ನಂಥ ಕೀಟನಾಶಕಗಳು ಕುಗ್ಗಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವದ ಮಟ್ಟವನ್ನೂ ನೋಡಿದರೆ ನನ್ನ 'ನೂರರಲ್ಲಿ ಒಂದು ಪಾಲು' ಎಂಬ ಊಹೆಯ ಜಾಗದಲ್ಲಿ ನಿಜವಾದ ಅಂಕಿ ಬರುತ್ತದೆ. ಹೊಲದ ಪಕ್ಕದ ತೆರೆದ ಬಾವಿಗಳ, ಕುಮುದ್ವತಿ ಮತ್ತು ದಂಡಾವತಿಯ ನೀರನ್ನೂ ಅದೇ ದಿನಗಳಲ್ಲಿ ನೋಡಬೇಕು. ಬೇಸಿಗೆಯಲ್ಲಿ ತೆಗೆದ ಮಾದರಿಯಿಂದ ಏನೂ ತಿಳಿಯುವುದಿಲ್ಲ. ಅಂಕಿ ಕಡಿಮೆ ಬಂದರೆ ಎಲ್ಲರಿಗೂ ನೆಮ್ಮದಿ, ನನ್ನ ವಾದ ಅಷ್ಟರ ಮಟ್ಟಿಗೆ ಸಡಿಲವಾಗಲಿ. ತಯಾರಕರು ಬಾಟಲಿಯ ಮೇಲೆ ದ್ರಾವಕದ ಹೆಸರನ್ನೂ ಪ್ರಮಾಣವನ್ನೂ ಓದಲು ಬರುವ ಗಾತ್ರದ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಬೇಕು; ಇದು ಆಸ್ಪತ್ರೆಗೂ ಬೇಕಾದ ಮಾಹಿತಿ. ಔಷಧಿ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಹಳ್ಳಿಗಳಲ್ಲಿದೆ. ಪೆಟ್ರೋಲಿಯಂ ದ್ರಾವಕವಿರುವ ಔಷಧಿಯಾದರೆ ವಾಂತಿಯ ಹೊತ್ತಿಗೆ ಅದು ಶ್ವಾಸಕೋಶಕ್ಕೆ ನುಗ್ಗಿ ನ್ಯುಮೋನಿಯಾ ತರಬಹುದು. ಮನೆಯಲ್ಲಿ ವಾಂತಿ ಮಾಡಿಸಬೇಡಿ, ಬಾಟಲಿಯ ಸಮೇತ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧಿ ಸುರಿಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಿ, ಚೆಲ್ಲಿದ ಕೈಯನ್ನು ಆ ಕ್ಷಣವೇ ಸೋಪು ಹಚ್ಚಿ ತೊಳೆಯಿರಿ, ಪಂಪು ತೊಳೆದ ನೀರನ್ನು ಹೊಡೆದ ಹೊಲಕ್ಕೇ ಚೆಲ್ಲಿರಿ. ಬಾವಿಕಟ್ಟೆಯ ಹತ್ತಿರ ಆ ಬಾಟಲಿ ಬರಲೇಕೂಡದು.